ಧಾರಿಣಿಯ ಜೀಪಿಗೆ ಮೊದಲು ಏನು

ಜೀಪು ಮನೆಗೆ ಬಂದ ದಿನವೇ ಧಾರಿಣಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಟೈರನ್ನು ಉಗುರಿನಿಂದ ಗೀರಿ ನೋಡಿದಳು. ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ನೆಲ ಮುಟ್ಟುವ ಭಾಗ ಸವೆದು ನುಣ್ಣಗಾಗಿತ್ತು.

"ಮೊದಲು ಟೈರು," ಎಂದಳು.

"ಹೂಂ, ಬರ್ಕೊಂಡೆ," ಎಂದ ಹಿಂದೆ ನಿಂತಿದ್ದ ಗಂಡ ಚಿದಂಬರ. ಅವನು ನಿಜಕ್ಕೂ ಬರೆದುಕೊಂಡಿದ್ದ. ತಲೆನೋವು ಶುರುವಾದದ್ದೇ ಅಲ್ಲಿಂದ.

ಚಿದಂಬರ ದೆಹಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೊಂದು ವರ್ಷ ಕಡತಗಳ ನಡುವೆ ಕಳೆದವನು. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತರಬೇಕಾದರೂ ಒಂದು ಹಾಳೆ ತೆಗೆದುಕೊಂಡು ವಿಷಯ, ಕಾರಣ, ಅಭಿಪ್ರಾಯ ಎಂದು ಗೆರೆ ಎಳೆಯುತ್ತಿದ್ದ. ಧಾರಿಣಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಫರೀದಾಬಾದಿನಾಚೆಯ ಅರಾವಳಿ ಗುಡ್ಡಗಳಲ್ಲಿ ಉಳಿದಿರುವ ಕತ್ತೆಕಿರುಬಗಳ ಬಗ್ಗೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಹದಿನೆಂಟು ಕಡೆ ಮರಗಳಿಗೆ ಕಟ್ಟಿದ ಕ್ಯಾಮರಾಗಳಿದ್ದವು. ಹದಿನೈದು ದಿನಕ್ಕೊಮ್ಮೆ ಹೋಗಿ ಅವುಗಳ ಬ್ಯಾಟರಿ ಬದಲಿಸಬೇಕಿತ್ತು. ವಿಭಾಗದ ವಾಹನ ಕೇಳಿದಾಗೆಲ್ಲ ಅದು ಯಾರೋ ಅತಿಥಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿರುತ್ತಿತ್ತು. ಬಾಡಿಗೆ ಕಾರಿನವರು ಕಲ್ಲು ಕಂಡಲ್ಲೇ ನಿಲ್ಲಿಸಿ, ಮುಂದಕ್ಕೆ ನಡೆದುಕೊಂಡು ಹೋಗಿ ಮೇಡಂ ಎನ್ನುತ್ತಿದ್ದರು. ಕೊನೆಗೆ ನೋಯ್ಡಾದ ಒಬ್ಬರ ಹತ್ತಿರ ಆರು ವರ್ಷ ಹಳೆಯ, ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಸಿಗುವ ಪೆಟ್ರೋಲ್ ಜೀಪು ಕೊಂಡರು. ಮಾಲ್ ಬಿಟ್ಟು ಬೇರೆಲ್ಲೂ ಓಡಿಸಿಲ್ಲ ಎಂದು ಮಾರಿದವರು ಹೆಮ್ಮೆಯಿಂದ ಹೇಳಿದ್ದರು.

ಎರಡು ದಿನ ಕಳೆದ ಮೇಲೆ ಊಟದ ಮೇಜಿನ ಮೇಲೆ ಹಾಳೆ ಬಂತು. ಮೊದಲನೆಯದು ಛಾವಣಿಯ ಮೇಲೆ ದೀಪಗಳು. ಎರಡನೆಯದು ಮುಂದೆ ಕಬ್ಬಿಣದ ಬಂಪರ್. ಮೂರನೆಯದು ಇಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಉದ್ದದ ಕೊಳವೆ. ನಾಲ್ಕು ಮತ್ತು ಐದು ಏನೆಂದು ಧಾರಿಣಿ ನೋಡಲೇ ಇಲ್ಲ. ಟೈರು ಆರನೆಯದಾಗಿತ್ತು.

"ಟೈರು ಆರನೇದು ಯಾಕೆ?"

"ಸದ್ಯಕ್ಕೆ ಓಡ್ತಿವೆಯಲ್ಲ. ಇಲ್ಲದೇ ಇರೋದನ್ನ ಮೊದಲು ಹಾಕಿಸ್ಬೇಕು, ಇರೋದನ್ನ ಆಮೇಲೆ ಬದಲಾಯಿಸ್ಬಹುದು ಅಂತ ಸುದರ್ಶನ್ ಹೇಳ್ದ."

ಸುದರ್ಶನ್ ಕನ್ನಡ ಸಂಘದ ಗೆಳೆಯ. ಕರೋಲ್ ಬಾಗಿನಲ್ಲಿ ಮನೆ. ಅವನದೇ ಪುಟ್ಟ ಬಿಳಿ ಕಾರು ಡಾಂಬರು ಬಿಟ್ಟು ಇಳಿದದ್ದಿಲ್ಲ. ಆದರೆ ಮೊಬೈಲಿನಲ್ಲಿ ಮರಳುಗಾಡು ದಾಟುವ ವಿಡಿಯೋಗಳನ್ನು ನೋಡಿ ನೋಡಿ ಅವನು ಜೀಪುಗಳ ಬಗ್ಗೆ ಮಾತಾಡುವ ಧಾಟಿಯೇ ಬೇರೆಯಾಗಿತ್ತು.

"ಸುದರ್ಶನ್ ಯಾವತ್ತು ಗುಡ್ಡ ಹತ್ತಿದಾರೆ?"

"ಮಸ್ಸೂರಿಗೆ ಹೋಗಿದ್ನಲ್ಲ."

"ಟ್ಯಾಕ್ಸೀಲಿ. ಈ ಕೊಳವೆ ಯಾಕೆ?"

"ನೀರಲ್ಲಿ ಮುಳುಗಿದ್ರೂ ಇಂಜಿನ್ ಉಸಿರಾಡುತ್ತೆ."

"ನಾನು ಹೋಗೋ ಜಾಗದಲ್ಲಿ ಪ್ರಾಣಿಗಳಿಗೇ ಕುಡಿಯೋಕೆ ನೀರಿಲ್ಲ ರೀ."

"ಜುಲೈ ಮಳೇಲಿ ಮಿಂಟೋ ಬ್ರಿಡ್ಜ್ ಕೆಳಗೆ ನೀರು ನಿಲ್ಲುತ್ತಲ್ಲ."

ಧಾರಿಣಿ ಹಾಳೆಯ ಹಿಂದೆ ದೊಡ್ಡದಾಗಿ ಬರೆದಳು: ಟೈರು, ಎಳೆಯಲು ಗಟ್ಟಿ ಹಗ್ಗ, ಹಗ್ಗ ಕಟ್ಟಲು ಮುಂದೆ ಕೊಕ್ಕೆ, ಗಾಳಿ ತುಂಬುವ ಪಂಪು, ಒಂದು ಸಲಿಕೆ. "ಇಷ್ಟೇ ಸಾಕು. ಮಿಕ್ಕಿದ್ದು ಯಾವುದೂ ಬೇಡ." ಚಿದಂಬರ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಒಪ್ಪಿದ ಎಂದೇ ಅವಳು ತಿಳಿದಳು.

ಮುಂದಿನ ಶನಿವಾರ ಅವಳಿಗೆ ಒಬ್ಬ ವಿದ್ಯಾರ್ಥಿಯ ಪಿಎಚ್‌ಡಿ ಮೌಖಿಕ ಪರೀಕ್ಷೆಯಿತ್ತು. ಜೀಪನ್ನು ತಾನೇ ಕರೋಲ್ ಬಾಗಿಗೆ ಒಯ್ದು ಟೈರು ಹಾಕಿಸುತ್ತೇನೆ, ಸುದರ್ಶನನಿಗೆ ಅಲ್ಲಿನ ಗಾಡಿ ಸಾಮಾನಿನ ಅಂಗಡಿಯವರ ಪರಿಚಯ ಇದೆ ಎಂದ ಚಿದಂಬರ. ಸಂಜೆ ಐದಕ್ಕೆ ಘಾಜಿಯಾಬಾದಿನ ಅವರ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ದೊಡ್ಡ ಸದ್ದು ಕೇಳಿ ಧಾರಿಣಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಪಾರ್ಕಿಂಗಿನ ಬಾಗಿಲಿಗೆ ಅಡ್ಡ ಹಾಕಿದ್ದ ಹಳದಿ ಕಪ್ಪು ಕಂಬಿಗೆ ಜೀಪಿನ ನೆತ್ತಿ ಸಿಕ್ಕಿಹಾಕಿಕೊಂಡಿತ್ತು. ನೆತ್ತಿಯ ಮೇಲೆ ಸಾಲಾಗಿ ಆರು ದೀಪಗಳು. ಮುಂದೆ ಕರಿ ಬಣ್ಣದ, ಬಾಗಿಲ ಚೌಕಟ್ಟಿನಷ್ಟು ದಪ್ಪದ ಬಂಪರ್. ಬಲಗಡೆ ಆನೆ ಸೊಂಡಿಲೆತ್ತಿದಂತೆ ಕೊಳವೆ.

ಹದಿಮೂರು ವರ್ಷದ ಮಗಳು ಚಿನ್ಮಯಿ ತಾಯಿಯ ಪಕ್ಕ ಬಂದು ನಿಂತಳು. "ಯೇ ಕ್ಯಾ ಹೈ ಪಪ್ಪಾ," ಎಂದು ಮೇಲಿನಿಂದಲೇ ಕೂಗಿದಳು. ಆಮೇಲೆ ತಾಯಿಗೆ, "ಅಮ್ಮಾ, ಮದುವೆಯ ಬ್ಯಾಂಡ್‌ವಾಲಾ ಗಾಡಿ ತರ ಲಗ್ತಾ ಹೈ," ಎಂದಳು.

ಧಾರಿಣಿ ಕೆಳಗಿಳಿದು ಹೋದಳು. ಮೊದಲು ಟೈರು ನೋಡಿದಳು. ಅದೇ ನುಣ್ಣನೆಯ ಟೈರು.

"ಆ ಸೈಜು ಇವತ್ತು ಇರ್ಲಿಲ್ಲ," ಎಂದ ಚಿದಂಬರ, ಅವಳು ಕೇಳುವ ಮುಂಚೆಯೇ. "ಮುಂದಿನ ವಾರ ತರಿಸಿಕೊಡ್ತಾರಂತೆ. ಅಲ್ಲೀವರೆಗೂ ಹೋಗಿದ್ವಲ್ಲ, ಸುಮ್ನೆ ಯಾಕೆ ವಾಪಸ್ ಬರೋದು ಅಂತ..."

"ಹಗ್ಗ?"

"ಬಂಪರ್ ಇದ್ರೆ ಹಗ್ಗ ಯಾವಾಗ ಬೇಕಾದ್ರೂ ಕಟ್ಟಬಹುದಂತೆ."

ಅವಳಿಗೆ ಕೂಗಾಡುವಷ್ಟು ಸಿಟ್ಟು ಬಂದಿತ್ತು. ಆದರೆ ವಾಚ್‌ಮನ್ ಏಣಿ ತಂದು ನಿಂತಿದ್ದ, ಮೂರನೇ ಮಹಡಿಯವರು ಕಾರು ಹೊರಗೆ ತೆಗೆಯಲಾಗದೆ ಹಾರ್ನ್ ಹೊಡೆಯುತ್ತಿದ್ದರು. ಜೀಪು ಹಿಂದಕ್ಕೆ ಸರಿಯಿತು. ಅಂದಿನಿಂದ ಅದು ಹೊರಗೆ ರಸ್ತೆಯ ಬದಿಯಲ್ಲಿ, ಇಸ್ತ್ರಿಯವನ ಮೇಜಿನ ಪಕ್ಕದಲ್ಲಿ ನಿಲ್ಲತೊಡಗಿತು.

ಆ ವಾರದಲ್ಲಿ ಎರಡು ಸಲ ಅವಳು ಅದನ್ನು ವಿಶ್ವವಿದ್ಯಾಲಯಕ್ಕೆ ಓಡಿಸಿದಳು. ಬ್ರೇಕಿನ ಪೆಡಲು ಮೊದಲ ಒತ್ತಿಗೆ ಸ್ವಲ್ಪ ಮೆತ್ತಗೆ ಒಳಗೆ ಹೋಗುತ್ತಿತ್ತು. ಎರಡನೇ ಸಲ ಒತ್ತಿದರೆ ಗಟ್ಟಿಯಾಗುತ್ತಿತ್ತು. ಕೊಂಡ ದಿನದಿಂದಲೂ ಹಾಗೇ ಇತ್ತು. ಹಳೆಯ ಗಾಡಿಯ ಗುಣವೇ ಹೀಗಿರಬೇಕು ಎಂದುಕೊಂಡಳು. ಚಿದಂಬರನಿಗೆ ಹೇಳೋಣವೆಂದು ಒಂದು ಸಲ ಅನಿಸಿತು. ಹೇಳಿದರೆ ಇನ್ನೊಂದು ಹಾಳೆ, ಅದರ ಮೇಲೆ ಸುದರ್ಶನನಿಗೆ ಇನ್ನೊಂದು ಫೋನು. ನೆನೆಸಿಕೊಂಡೇ ಸುಸ್ತಾಗಿ ಸುಮ್ಮನಾದಳು.

ಟೈರು ಮುಂದಿನ ವಾರವೂ ಬರಲಿಲ್ಲ. ಮೇ ತಿಂಗಳ ಬಿಸಿಲಿಗೆ ಕ್ಯಾಮರಾಗಳ ಬ್ಯಾಟರಿಗಳು ಬೇಗ ಸಾಯುತ್ತವೆ. ಭಾನುವಾರ ಹೋಗದೆ ವಿಧಿಯಿರಲಿಲ್ಲ. ತಾನೂ ಬರುತ್ತೇನೆ, ಜೀಪು ಹೇಗೆ ಹೋಗುತ್ತದೆ ನೋಡಬೇಕು ಎಂದು ಚಿದಂಬರ ಹಠ ಹಿಡಿದ. ಬೆಳಿಗ್ಗೆ ಐದೂವರೆಗೆ ಹೊರಟರು. ಬದರ್‌ಪುರದ ಹತ್ತಿರ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದ. ಬಂಪರನ್ನು ಬೆತ್ತದಿಂದ ತಟ್ಟಿ, ಇದು ಕಾನೂನಿಗೆ ವಿರುದ್ಧ ಎಂದ. ಚಿದಂಬರ ಇಳಿದು ತಾನು ಸಚಿವಾಲಯದಲ್ಲಿ ಇರುವುದಾಗಿ ಹೇಳಿದ.

"ಹಾಗಿದ್ರೆ ಸಾಬ್, ನಿಮಗೆ ಗೊತ್ತಿರ್ಬೇಕಿತ್ತು," ಎಂದು ಪೊಲೀಸು ದಂಡದ ಚಲನ್ ಹರಿದು ಕೊಟ್ಟ. ಧಾರಿಣಿ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದಳು.

ಗುಡ್ಡಗಳಲ್ಲಿ ಮೊದಲ ಹನ್ನೆರಡು ಕ್ಯಾಮರಾಗಳ ಕೆಲಸ ಹತ್ತು ಗಂಟೆಯೊಳಗೆ ಮುಗಿಯಿತು. ಏರು ಬಂದಾಗ ನುಣ್ಣನೆಯ ಟೈರುಗಳು ಜಲ್ಲಿಕಲ್ಲಿನ ಮೇಲೆ ಜಾರಿ ಸುತ್ತುತ್ತಿದ್ದವು. ಮುಂದಿನ ಭಾರಕ್ಕೆ ಜೀಪಿನ ಮೂಗು ಪ್ರತಿ ಗುಂಡಿಗೂ ತಗ್ಗುತ್ತಿತ್ತು. ದಾರಿಗೆ ಬಾಗಿದ್ದ ಜಾಲಿಯ ಕೊಂಬೆಯೊಂದು ಛಾವಣಿಯ ಎರಡು ದೀಪಗಳ ಗಾಜು ಒಡೆಯಿತು. ಪ್ರತಿ ಸಲವೂ ಧಾರಿಣಿ ಗಂಡನ ಕಡೆ ತಿರುಗಿ ನೋಡುತ್ತಿದ್ದಳು. ಅವನು ಪ್ರತಿ ಸಲವೂ ಎಡಗಡೆಯ ಬೆಟ್ಟ ನೋಡುತ್ತಿದ್ದ.

ಹದಿಮೂರನೇ ಕ್ಯಾಮರಾ ಒಣಗಿದ ತೊರೆಯ ಆಚೆಗಿತ್ತು. ತೊರೆಗೆ ಇಳಿಯುವ ದಾರಿ ಕಡಿದಾಗಿ, ಬಂಡೆಗಳ ನಡುವೆ ಎರಡು ತಿರುವು ತೆಗೆದುಕೊಳ್ಳುತ್ತಿತ್ತು. ಮೊದಲ ತಿರುವಿನಲ್ಲಿ ಧಾರಿಣಿ ಬ್ರೇಕ್ ಒತ್ತಿದಳು. ಪೆಡಲು ಮೆತ್ತಗೆ ಹೋಯಿತು. ಎರಡನೇ ಸಲ ಒತ್ತಿದಳು. ಈ ಸಲ ಗಟ್ಟಿಯಾಗಲಿಲ್ಲ. ಮೂರನೇ ಸಲ ಅದು ನೆಲಕ್ಕೆ ತಾಗಿ ಅಲ್ಲೇ ಉಳಿಯಿತು.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು.

"ಯಾಕೆ, ಏನಾಯ್ತು?"

ಇಳಿಯುವ ಮೊದಲೇ ನಿಧಾನದ ಗೇರಿಗೆ ಹಾಕಿದ್ದು ಪುಣ್ಯ. ಇಂಜಿನ್ನು ಅರಚುತ್ತ ಜೀಪನ್ನು ತಡೆಹಿಡಿಯಲು ನೋಡಿತು. ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದಿನ ಚಕ್ರಗಳು ಕಚ್ಚಿಕೊಂಡು ಜಾರಿದವು. ಎಡಕ್ಕೆ ಇಪ್ಪತ್ತು ಅಡಿ ಆಳದ ಹಳ್ಳ, ಬಲಕ್ಕೆ ಬಂಡೆ, ನೇರವಾಗಿ ತೊರೆಯ ಮರಳು. ಬಲಗಡೆ ಬಂಡೆಗೆ ಜೀಪಿನ ಮೈ ಉಜ್ಜಿಕೊಂಡೇ ಇಳಿಸಿದಳು. ಕೊಳವೆ ಮುರಿದು ಹಿಂದೆ ಬಿತ್ತು. ಕೊನೆಗೆ ಜೀಪು ಮರಳಿಗೆ ನುಗ್ಗಿತು. ಮೂಗು ಹೂತು, ಒಂದು ಸಲ ಎತ್ತಿ ಹಾಕಿದಂತಾಗಿ, ನಿಂತಿತು.

ಧಾರಿಣಿ ಇಂಜಿನ್ ಆರಿಸಿದಳು. ಚಿದಂಬರ ಹಿಡಿಕೆಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಅವನ ಕನ್ನಡಕ ಕಾಲ ಕೆಳಗೆ ಬಿದ್ದಿತ್ತು.

"ನಿನಗೇನೂ ಆಗಿಲ್ವಲ್ಲ?" ಎಂದ.

"ಇಲ್ಲ. ನಿಮಗೆ?"

"ಇಲ್ಲ."

ಮುಂದಿನ ಚಕ್ರಗಳು ಅರ್ಧದಷ್ಟು ಮರಳಲ್ಲಿದ್ದವು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಕೆಳಗಿನ ಹಳ್ಳಿಯ ಧರಮ್‌ಬೀರ್ ಎಂಬ ರೈತನ ಹತ್ತಿರ ಟ್ರ್ಯಾಕ್ಟರ್ ಇದೆ, ದಿಬ್ಬ ಹತ್ತಿ ಅವನಿಗೆ ಫೋನ್ ಮಾಡಿ ಎಂದು ಧಾರಿಣಿ ನಂಬರ್ ಕೊಟ್ಟು ಕಳಿಸಿದಳು. ಇಪ್ಪತ್ತು ನಿಮಿಷ ಬಿಟ್ಟು ಚಿದಂಬರ ಬೆವರು ಸುರಿಸುತ್ತ ವಾಪಸ್ ಬಂದ.

"ಬರ್ತಾನಂತೆ, ಒಂದೂವರೆ ಗಂಟೆ ಆಗುತ್ತಂತೆ. ಸುದರ್ಶನನಿಗೂ ಮಾಡ್ದೆ."

"ಯಾಕೆ?"

"ಏನಾದ್ರೂ ಉಪಾಯ ಗೊತ್ತಿರುತ್ತೆ ಅಂತ. ಮುಂದಿನ ಸಲಕ್ಕೆ ಹಗ್ಗ ಸುತ್ತಿ ಗಾಡಿ ಎಳೆಯೋ ಮೋಟಾರು ಹಾಕಿಸು ಅಂದ."

ಧಾರಿಣಿ ಮರಳಿನಲ್ಲಿ ಕೂತುಬಿಟ್ಟಳು. ನಗು ಬರಬೇಕಿತ್ತು, ಬರಲಿಲ್ಲ. "ಚಿದಂಬರ ಅವರೇ," ಎಂದಳು. ಅವಳು ಹಾಗೆ ಕರೆಯುತ್ತಿದ್ದುದು ಸಿಟ್ಟು ಎಲ್ಲೆ ಮೀರಿದಾಗ ಮಾತ್ರ. "ಈ ಗುಡ್ಡಕ್ಕೆ ಮೂರು ವರ್ಷದಿಂದ ಬರ್ತಿರೋಳು ನಾನು. ಇಲ್ಲಿ ಏನು ಬೇಕು ಅಂತ ಬರೆದುಕೊಟ್ಟೆ. ನೀವು ಕರೋಲ್ ಬಾಗಿಗೆ ಹೋಗಿ ದೀಪ ತಂದ್ರಿ. ನಾನು ಹಗಲು ಹೊತ್ತಲ್ಲಿ ಕೆಲಸ ಮಾಡೋಳು ರೀ. ದೀಪ ಯಾಕೆ ಬೇಕಿತ್ತು?"

ಅವನು ಜಾಲಿಯ ತೆಳ್ಳನೆಯ ನೆರಳಿಗೆ ಸರಿದು ಕೂತ. ಕರವಸ್ತ್ರದಿಂದ ಕನ್ನಡಕ ಒರೆಸಿದ.

"ಜನವರೀಲಿ ನೀನು ಮಂಜಲ್ಲಿ ಸಿಕ್ಕಿಹಾಕ್ಕೊಂಡಿದ್ಯಲ್ಲ."

ಅವಳಿಗೆ ನೆನಪಾಯಿತು. ಬಾಡಿಗೆ ಕಾರಿನಲ್ಲಿ ವಾಪಸಾಗುವಾಗ ಮಂಜು ಕವಿದು ಎದುರಿನ ಲಾರಿಯೇ ಕಾಣದಾಗಿತ್ತು. ಫೋನಿನ ಬ್ಯಾಟರಿ ಮುಗಿದಿತ್ತು. ಮನೆ ಸೇರಿದಾಗ ನಾಲ್ಕು ಗಂಟೆ ತಡವಾಗಿತ್ತು. ಬಿಸಿನೀರಿನ ಸ್ನಾನ ಮಾಡಿ ಮಲಗಿದ್ದಳು. ಅವಳ ಪಾಲಿಗೆ ಅದು ಅಷ್ಟೇ.

"ಆವತ್ತು ಟೀವೀಲಿ ಯಮುನಾ ಎಕ್ಸ್‌ಪ್ರೆಸ್‌ವೇ ತೋರಿಸ್ತಿದ್ರು, ಒಂದರ ಹಿಂದೆ ಒಂದು ಗುದ್ದಿದ ಗಾಡಿಗಳು. ಚಿನ್ಮಯಿ ನೋಡ್ದೇ ಇರ್ಲಿ ಅಂತ ಟೀವಿ ಆಫ್ ಮಾಡಿ ಗೇಟಿನ ಹತ್ರ ಹೋಗಿ ನಿಂತಿದ್ದೆ. ದೀಪ ಇದ್ರೆ ನಿನಗೆ ದಾರಿ ಕಾಣುತ್ತೆ, ಬಂಪರ್ ಇದ್ರೆ ಯಾರಾದ್ರೂ ಗುದ್ದಿದ್ರೂ ತಡೆಯುತ್ತೆ ಅಂತ ಅನ್ನಿಸ್ತು."

"ಕೊಳವೆ?"

"ಕೊಳವೆ ಸುದರ್ಶನ್ ಹೇಳಿದ್ದು."

ಧಾರಿಣಿಗೆ ಮನಸ್ಸು ಮೆತ್ತಗಾದ ಜೊತೆಗೇ ಇನ್ನೊಂದು ಬಗೆಯ ಸಿಟ್ಟೂ ಬಂತು. ಛಾವಣಿಯ ದೀಪ ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಅದನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು, ಅವನು ಕೇಳಿದ್ದರೆ. "ಇದನ್ನ ಆ ಹಾಳೆಯಲ್ಲಿ ಬರೀಬೇಕಿತ್ತು. ಕಾರಣ ಅಂತ ಒಂದು ಕಾಲಂ ಇತ್ತಲ್ಲ," ಎಂದಳು.

"ಅಲ್ಲಿ ಹೇಗೆ ಬರೆಯೋದು ಅದನ್ನ," ಎಂದ ಚಿದಂಬರ.

ಧರಮ್‌ಬೀರ್ ಎರಡು ಗಂಟೆ ಕಳೆದ ಮೇಲೆ ಬಂದ. ಎತ್ತರದ ಆಳು, ತಲೆಗೆ ಬಿಳಿ ಟವಲು. ಟ್ರ್ಯಾಕ್ಟರಿನಿಂದ ಸರಪಳಿ ಇಳಿಸಿ, ಕಟ್ಟಲು ಜಾಗ ಹುಡುಕಿದ. ಮುಂದೆ ಬಂಪರ್ ಬಿಟ್ಟರೆ ಏನೂ ಇರಲಿಲ್ಲ. ಬಂಪರಿಗೇ ಕಟ್ಟಿ ಎಳೆದ. ಜೀಪು ಅಲುಗಲಿಲ್ಲ. ಎರಡನೇ ಸಲ ಎಳೆದಾಗ ನಾಲ್ಕು ಬೋಲ್ಟುಗಳು ಕಿತ್ತು ಬಂಪರ್ ಮಾತ್ರ ಮರಳಿನ ಮೇಲೆ ಟ್ರ್ಯಾಕ್ಟರಿನ ಹಿಂದೆ ಓಡಿತು.

"ಮೇಡಂಜಿ, ಗಾಡಿ ಇಲ್ಲೇ ಉಳೀತು," ಎಂದ ಧರಮ್‌ಬೀರ್ ತಿರುಗಿ ನೋಡಿ.

ಆಮೇಲೆ ಅವನೇ ಜೀಪಿನ ಹಿಂಭಾಗದ ಅಡಿಯಲ್ಲಿ ತೂರಿ ಕಂಪನಿಯೇ ಕೊಟ್ಟಿದ್ದ ಕೊಕ್ಕೆಯೊಂದನ್ನು ಪತ್ತೆ ಮಾಡಿದ. ಮರಳಲ್ಲಿ ಹಿಡಿತ ಸಿಗಲೆಂದು ಧಾರಿಣಿ ಟೈರುಗಳ ಗಾಳಿ ಅರ್ಧ ಬಿಟ್ಟಳು. ಚಿದಂಬರ ಪ್ಯಾಂಟು ಮಡಚಿಕೊಂಡು, ಕ್ಯಾಮರಾ ಪೆಟ್ಟಿಗೆಯ ಮುಚ್ಚಳದಿಂದ ಚಕ್ರಗಳ ಸುತ್ತ ಮರಳು ಬಗೆದ. ಎಷ್ಟು ಹೇಳಿದರೂ ನಿಲ್ಲಿಸಲಿಲ್ಲ. ಹಿಂದಕ್ಕೆ ಎಳೆದಾಗ ಜೀಪು ನಿಧಾನವಾಗಿ ಮೇಲೆದ್ದು ಬಂತು. ಉಳಿದ ಆರು ಕ್ಯಾಮರಾಗಳಿಗೆ ಧಾರಿಣಿ ನಡೆದೇ ಹೋಗಿಬಂದಳು. ಟ್ರ್ಯಾಕ್ಟರಿನಿಂದ ರಸ್ತೆಯವರೆಗೆ ಎಳೆಸಿದ ಜೀಪನ್ನು ಲಾರಿಯ ಮೇಲೆ ಹೇರಿ ದೆಹಲಿಯ ಓಖ್ಲಾಕ್ಕೆ ಕಳಿಸಿದರು.

ಅಲ್ಲಿ ಮುದ್ರಣಾಲಯಗಳ ಸಾಲಿನ ಹಿಂದೆ ನಸೀಮ್ ಎಂಬ ವಯಸ್ಸಾದ ಮೆಕ್ಯಾನಿಕ್‌ನ ಶೆಡ್ ಇತ್ತು. ವಿಶ್ವವಿದ್ಯಾಲಯದ ಭೂವಿಜ್ಞಾನದವರು ಹೇಳಿದ ಜಾಗ. ಮಾರನೆಯ ಸಂಜೆ ಇಬ್ಬರೂ ಹೋದಾಗ ಜೀಪು ಕಂಬಗಳ ಮೇಲೆ ಎತ್ತರದಲ್ಲಿ ನಿಂತಿತ್ತು. ನಸೀಮ್ ಚಿದಂಬರನಿಗೆ ಮುಖಮಾಡಿ ಮಾತು ಶುರುಮಾಡಿದ.

"ಸಾಬ್, ಗುಡ್ಡದಲ್ಲಿ ಓಡಿಸೋವಾಗ..."

"ಓಡಿಸೋಳು ನಾನು," ಎಂದಳು ಧಾರಿಣಿ.

"ಅಚ್ಛಾ," ಎಂದು ನಸೀಮ್ ಅವಳ ಕಡೆ ತಿರುಗಿದ. ಮುಂದಿನ ಎಡಚಕ್ರದ ಹಿಂದೆ ಟಾರ್ಚು ಹಿಡಿದ. ಬ್ರೇಕಿಗೆ ಎಣ್ಣೆ ಒಯ್ಯುವ ರಬ್ಬರ್ ಪೈಪು ಉಬ್ಬಿ, ಬಿರಿದು, ಸುತ್ತ ಒದ್ದೆಯಾಗಿತ್ತು. ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಬಾಟಲಿಗೆ ಸುರಿದು ತೋರಿಸಿದ. ಕಷಾಯದಷ್ಟು ಕಪ್ಪಗಿತ್ತು.

"ಇದು ನಿನ್ನೆ ಆದದ್ದಲ್ಲ. ಗಾಡಿ ನಿಮ್ಮ ಕೈಗೆ ಬಂದಾಗಲೇ ಹೀಗಿದೆ. ಪೆಡಲು ಮೊದಲಿಂದ ಮೆತ್ತಗಿರ್ಲಿಲ್ವಾ?"

ಶೆಡ್ಡಿನೊಳಗೆ ಯಾರೋ ತಗಡು ಬಡಿಯುತ್ತಿದ್ದರು. ಧಾರಿಣಿ ಆ ಸದ್ದು ನಿಲ್ಲಲಿ ಎಂದು ಕಾದಳು.

"ಇತ್ತು," ಎಂದಳು. "ಕೊಂಡ ದಿನದಿಂದ."

ಏನೇನು ಮಾಡಬೇಕೆಂದು ನಸೀಮ್ ಹೇಳಿದ: ಮೊದಲು ಬ್ರೇಕು, ಸ್ಟಿಯರಿಂಗಿನ ಕೀಲುಗಳು, ಎಲ್ಲ ಪೈಪುಗಳು. ಇರುವುದು ನೆಟ್ಟಗಾಗಬೇಕು. ಆಮೇಲೆ ಟೈರು, ಮುಂದೆ ಕೊಕ್ಕೆ, ಹಗ್ಗ. ಇಷ್ಟರಲ್ಲಿ ನಾಲ್ಕು ತಿಂಗಳು ಓಡಿಸಿ, ಗಾಡಿ ಎಲ್ಲಿ ಸೋಲುತ್ತೆ ಅಂತ ನೋಡಿ, ಅಲ್ಲೀವರೆಗೂ ಇನ್ನೇನೂ ಹಾಕಿಸಬೇಡಿ.

ವಾಪಸ್ ಬರುವಾಗ ಮೆಟ್ರೋದಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ರೈಲು ಯಮುನೆ ದಾಟಿತು.

"ಹೇಳ್ಬಹುದಿತ್ತಲ್ಲ," ಎಂದ ಚಿದಂಬರ ಆಮೇಲೆ.

"ಹೇಳಿದ್ರೆ ನೀವು ಇನ್ನೊಂದು ಪಟ್ಟಿ ಮಾಡ್ತಿದ್ರಿ."

"ಮಾಡ್ತಿದ್ದೆ. ಅದರಲ್ಲಿ ಒಂದನೇದು ಬ್ರೇಕ್ ಇರ್ತಿತ್ತು."

ಧಾರಿಣಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮಾತು ತಪ್ಪಾಗಿದ್ದರೆ ವಾದ ಮಾಡಬಹುದಿತ್ತು. ಎರಡು ವಾರ ಊರಿಗೆಲ್ಲ ಗಂಡನ ದೀಪದ ಕಥೆ ಹೇಳಿ ನಗಿಸಿದ್ದಳು. ಆ ಎರಡು ವಾರವೂ ಕಾಲ ಕೆಳಗೆ ಮೆತ್ತಗಿದ್ದ ಪೆಡಲಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ತೊರೆಯ ಮರಳಿನ ಜಾಗದಲ್ಲೂ ಆ ಆಳದ ಹಳ್ಳವಿದ್ದಿದ್ದರೆ ಎಂಬ ಯೋಚನೆ ಬಂದು, ಅದನ್ನು ಅಲ್ಲೇ ನಿಲ್ಲಿಸಿದಳು.

"ತಪ್ಪಾಯ್ತು," ಎಂದಳು. ಹೇಳಿದ್ದು ಜೋರಾಗಿಯೇ ಇತ್ತು, ಎದುರಿಗೆ ನಿಂತವರು ತಿರುಗಿ ನೋಡಿದರು.

"ಇರ್ಲಿ," ಎಂದ ಚಿದಂಬರ. ಅಷ್ಟು ಸುಲಭವಾಗಿ ಇರ್ಲಿ ಎಂದದ್ದಕ್ಕೂ ಅವಳಿಗೆ ಸಿಟ್ಟು ಬಂತು.

ಬ್ರೇಕು ಸರಿಹೋಯಿತು. ಟೈರು ಓಖ್ಲಾದಲ್ಲೇ ಎರಡು ದಿನದಲ್ಲಿ ಸಿಕ್ಕಿತು. ಉಳಿದ ದೀಪಗಳನ್ನು ಚಿದಂಬರ ಒಂದು ಭಾನುವಾರ ತಾನೇ ಬಿಚ್ಚಿ ಸುದರ್ಶನನಿಗೆ ಕೊಟ್ಟುಬಂದ. ಜೂನ್ ಮೊದಲ ವಾರ ಇಬ್ಬರೂ ಮತ್ತೆ ಗುಡ್ಡಕ್ಕೆ ಹೋದರು. ಅದೇ ಇಳಿಜಾರನ್ನು ಧಾರಿಣಿ ಎಂಟು ನಿಮಿಷದಲ್ಲಿ ಇಳಿಸಿ, ಕೆಲಸ ಮುಗಿಸಿ ತೊರೆ ದಾಟಿ ವಾಪಸ್ ಬಂದಳು. ಹೊಸ ಟೈರುಗಳು ಮರಳನ್ನು ಕಚ್ಚಿ ಹಿಡಿದವು.

"ಹತ್ತೋದು ನಾನು ಓಡಿಸ್ಲಾ?" ಎಂದ ಚಿದಂಬರ.

ಅವಳು ಬೇಡ ಎನ್ನಬೇಕೆಂದಿದ್ದಳು. ಕೀಲಿ ಕೊಟ್ಟಳು.

ಅವನು ಹತ್ತು ಅಡಿ ಹೋಗಿ ನಿಲ್ಲಿಸಿದ. ಇಳಿದು ಮುಂದಿನ ಕಲ್ಲುಗಳನ್ನು ನೋಡಿದ. ಒಂದು ಕಲ್ಲನ್ನು ಕಾಲಿನಿಂದ ಅಲುಗಿಸಿ, ಬಗ್ಗಿ ಜೀಪಿನ ಅಡಿಯನ್ನು ನೋಡಿ, ಹತ್ತಿ ಕೂತು ಇನ್ನೂ ಹತ್ತು ಅಡಿ ಓಡಿಸಿದ. ಮತ್ತೆ ನಿಲ್ಲಿಸಿದ. ಮತ್ತೆ ಇಳಿದ. ನಡುವೆ ಎರಡು ಸಲ ಇಂಜಿನ್ ಆರಿಹೋಯಿತು. ಬಿಸಿಲು ನೆತ್ತಿಗೇರುತ್ತಿತ್ತು. ಹೊರಗಿನ ಗಾಳಿ ಒಲೆಯ ಬಾಯಿಂದ ಬಂದಂತಿತ್ತು.

"ಇನ್ನೆಷ್ಟು ಹೊತ್ತು ರೀ?" ಎಂದಳು ಧಾರಿಣಿ, ಇಪ್ಪತ್ತೈದನೇ ನಿಮಿಷಕ್ಕೆ.

"ಆ ಎಡಗಡೆ ಕಲ್ಲು ಚೂಪಾಗಿದೆ. ಬಲಕ್ಕೆ ತಗೊಳ್ಲಾ, ನೇರ ಹೋಗ್ಲಾ?"

ಅವಳು ಇಳಿದು ಹೋಗಿ ನೋಡಿದಳು. ಕಲ್ಲು ಚೂಪಾಗಿಯೇ ಇತ್ತು. ತಾನಾಗಿದ್ದರೆ ಅದರ ಮೇಲೇ ಹತ್ತಿಸಿರುತ್ತಿದ್ದಳು.

"ಬಲಕ್ಕೆ," ಎಂದಳು. "ಆದ್ರೆ ಈ ಸಲ ಕ್ಲಚ್ ಬೇಗ ಬಿಡಬೇಡಿ."

ಅವನು ಬೇಗ ಬಿಟ್ಟ. ಇಂಜಿನ್ ಆರಿತು. ಧಾರಿಣಿ ಟೋಪಿಯನ್ನು ಮುಖಕ್ಕೆಳೆದುಕೊಂಡು ಬಂಡೆಯ ನೆರಳಲ್ಲಿ ನಿಂತಳು, ಅವನು ಮತ್ತೆ ಶುರುಮಾಡಲಿ ಎಂದು.